ಹಸ್ತಕ್ಷೇಪದ ಮೂಲ

ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ "ಫೋನ್ ಮಾಡ್ತೇವೆ" ಎಂದರೆ ಅದಕ್ಕೆ ಏನರ್ಥ ಎಂಬುದನ್ನು ಇದುವರೆಗೆ ಯಾವ ನಿಘಂಟೂ ಹೇಳಿಲ್ಲ. ಹುಡುಗಿ ಒಪ್ಪಿಗೆ ಎಂದೂ ಆಗಬಹುದು, ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತು ಎಂದೂ ಆಗಬಹುದು. ಬುದ್ಧಿವಂತರು ಆ ಮಾತನ್ನು ಅಲ್ಲೇ ಮರೆತು ಬೇರೆ ಸಂಬಂಧ ಹುಡುಕುತ್ತಾರೆ. ವೇಣೂರಿನ ಶಾಂತಿಪ್ರಸಾದರು ಮಾತ್ರ ಅದನ್ನು ಅಕ್ಷರಶಃ ನಂಬಿ ಫೋನಿನ ಮುಂದೆ ಕುಳಿತರು.

ಶಾಂತಿಪ್ರಸಾದರದ್ದು ಮದುವೆ ಮನೆಗಳಿಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಲಿನ ಊರುಗಳಲ್ಲಿ ಅವರ ಕೊಪ್ಪರಿಗೆಯಲ್ಲಿ ಬೇಯದ ಮದುವೆಯ ಅನ್ನವಿಲ್ಲ. ಇಷ್ಟು ಜನರ ಮದುವೆಗೆ ಆಸರೆಯಾದ ಮನುಷ್ಯನ ಸ್ವಂತ ಮಗಳಿಗೆ ಮಾತ್ರ ಕಂಕಣ ಕೂಡಿ ಬಂದಿರಲಿಲ್ಲ. ಮಗಳು ಸುಪ್ರೀತಾ ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದಳು. ಬಂದ ಗಂಡುಗಳಲ್ಲಿ ಕೆಲವರನ್ನು ಜಾತಕ ತಳ್ಳಿತು, ಉಳಿದವರನ್ನು ಸುಪ್ರೀತಾ ತಳ್ಳಿದಳು. ಕೊನೆಗೆ ಮೂಡುಬಿದಿರೆಯ ನೇಮಿರಾಜರ ಮಗ ಜಯೇಶ್ ಬಂದ. ಅವನು ಏನೋ ಹೇಳಿದ, ಅವಳು ನಕ್ಕಳು. ಅವಳು ಏನೋ ಹೇಳಿದಳು, ಅವನು ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡ. ಅವರೆಲ್ಲ ಹೋದ ಮೇಲೆ ಮಗಳು ಲೋಟ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಳು ಎಂದು ಹೆಂಡತಿ ಪ್ರಭಾವತಿಯವರು ಬಂದು ಗುಟ್ಟಾಗಿ ಹೇಳಿದರು. ಸುಪ್ರೀತಾ ಲೋಟ ತೊಳೆಯುವುದೇ ಅಪರೂಪ, ಹಾಡಿದ್ದಂತೂ ಅದೇ ಮೊದಲು. ಆದ್ದರಿಂದ ಈ ಫೋನು ಬರಲೇಬೇಕಾಗಿತ್ತು.

ಕಷ್ಟವೆಂದರೆ ಶಾಂತಿಪ್ರಸಾದರ ಮನೆ ಫಲ್ಗುಣಿ ಹೊಳೆಯ ಕಡೆಗೆ ಇಳಿಯುವ ತಗ್ಗಿನಲ್ಲಿತ್ತು. ಅಲ್ಲಿ ನೆಟ್‌ವರ್ಕು ಅಂಗಳದಲ್ಲಿ ಒಂದು ಕಡ್ಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತವರಿಗೆ ಎರಡು ಸಿಗುತ್ತಿತ್ತು, ಮನೆಯೊಳಗೆ ಹೋದರೆ ಒಂದೂ ಇಲ್ಲ.

"ನಾವೇ ಒಂದು ಫೋನ್ ಮಾಡಿದ್ರೆ ಎಂತ?" ಎಂದು ಪ್ರಭಾವತಿಯವರು ಕೇಳಿದರು.

"ಹೆಣ್ಣಿನ ಕಡೆಯವರು ಮೊದಲು ಫೋನ್ ಮಾಡುವುದಾ? ನಮಗೆ ಒಂದು ಗತ್ತು ಬೇಡವಾ? ಅವರು ಮಾಡ್ತೇವೆ ಅಂದಿದ್ದಾರೆ, ಅವರು ಮಾಡ್ಬೇಕು."

"ಹಾಗಾದ್ರೆ ಹುಡುಗ ಹುಡುಗಿಯಾದ್ರೂ ನಂಬರ್ ತಗೊಳ್ಳಲಿ ಅಂದ್ರೆ ನೀವೇ ಬೇಡ ಅಂದ್ರಿ."

"ಅದು ಒಪ್ಪಿಗೆ ಆದ ಮೇಲೆ. ಎಲ್ಲದಕ್ಕೂ ಒಂದು ಕ್ರಮ ಉಂಟು."

ಕ್ರಮ ಉಳಿಯಬೇಕು, ಫೋನೂ ಬರಬೇಕು. ಇದಕ್ಕೆ ದಾರಿ ತೋರಿಸಿದವನು ಪಕ್ಕದ ಮನೆಯ ಮೈಮೂನಮ್ಮನ ಮಗ ನವಾಝ್. ಅವನಿಗೆ ವೇಣೂರು ಪೇಟೆಯಲ್ಲಿ ಮೊಬೈಲ್ ಅಂಗಡಿ, ದುಬೈಯಲ್ಲಿ ಸ್ನೇಹಿತರು. "ಬೂಸ್ಟರ್ ಅಂತ ಉಂಟು ಶಾಂತಣ್ಣ. ದುಬೈ ಮಾಲು. ಟೆರೇಸಿನಲ್ಲಿ ಇಟ್ಟು ಕರೆಂಟ್ ಕೊಟ್ಟರೆ ಮುಗಿಯಿತು, ಸಿಗ್ನಲ್ ಎಳೆದು ತಂದು ಮನೆಯೊಳಗೆ ಹಾಕ್ತದೆ," ಎಂದ. ಅದನ್ನು ಇಟ್ಟುಕೊಳ್ಳಲು ಸರಕಾರದ ಪರವಾನಗಿ ಬೇಕು ಎಂಬುದನ್ನು ಅವನು ಹೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ವ್ಯಾಪಾರಸ್ಥರಿಗೆ ಇರುವುದಿಲ್ಲ.

ಪೆಟ್ಟಿಗೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಕುಳಿತ ಕೂಡಲೇ ಫೋನಿನಲ್ಲಿ ಐದೂ ಕಡ್ಡಿ ಎದ್ದು ನಿಂತವು. ಶಾಂತಿಪ್ರಸಾದರ ಎದೆ ಉಬ್ಬಿತು. ಅಂಗಡಿಗೆ ಬಂದವರನ್ನು ಮನೆಗೇ ಕರೆದು ತಂದು ಕಡ್ಡಿ ತೋರಿಸಿದರು, ಕಾಫಿ ಕುಡಿಸಿದರು. ದಿನ ಹೋಯಿತು, ವಾರ ಹೋಯಿತು. ಕಡ್ಡಿ ಐದೂ ಇದ್ದವು, ಫೋನು ಮಾತ್ರ ಒಂದೂ ಬರಲಿಲ್ಲ. ಮೂಡುಬಿದಿರೆಯಿಂದಲೂ ಇಲ್ಲ, ಸಾಲ ಬೇಕಾ ಎಂದು ಕೇಳುವ ಹುಡುಗಿಯರಿಂದಲೂ ಇಲ್ಲ.

ಅದೇ ಹೊತ್ತಿಗೆ ಊರಿಗೆಲ್ಲ ಒಂದು ರೋಗ ಹಿಡಿದಿತ್ತು. ಯಾರ ಫೋನಿನಿಂದಲೂ ಕರೆ ಹೋಗುತ್ತಿರಲಿಲ್ಲ, ಹೋದರೂ "ಹಲೋ" ಎನ್ನುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಪಂಚಾಯತ್ ಸದಸ್ಯ ಹುಕ್ರಪ್ಪ ಒಂದು ಮಾತಾಡಬೇಕಾದರೆ ಸ್ಕೂಟರ್ ಹತ್ತಿ ಊರ ಹೊರಗಿನ ತಿರುವಿಗೆ ಹೋಗಿ ಬರುತ್ತಿದ್ದರು. ಶಾಂತಿಪ್ರಸಾದರು ಅವರನ್ನು ಕಂಡು ಮರುಗಿದರು. "ಪಾಪ, ಎಲ್ಲರ ಹತ್ತಿರ ಬೂಸ್ಟರ್ ಇರ್ಲಿಕ್ಕೆ ಆಗ್ತದಾ?"

ಫೋನು ಬಾರದ್ದಕ್ಕೆ ಅವರು ಬೇರೆಯೇ ಕಾರಣ ಕಂಡುಹಿಡಿದರು. ಯಾರೋ ಕಲ್ಲು ಹಾಕಿದ್ದಾರೆ. ಮದುವೆಯ ಮಾತು ನಡೆಯುತ್ತಿರುವಾಗ ಗಂಡಿನ ಕಡೆಯವರ ಕಿವಿಗೆ ಸುಮ್ಮನೆ ಒಂದು ಮಾತು ಬಿಟ್ಟು ಕೆಲಸ ಕೆಡಿಸುವುದಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಆದರೆ ಯಾರು? ಅವರು ಎಲ್ಲರ ಮುಖವನ್ನೂ ಸಂಶಯದಿಂದ ನೋಡತೊಡಗಿದರು. ನಮಸ್ಕಾರ ಹೇಳಿದವರು ಯಾಕೆ ಹೇಳಿದರು, ಹೇಳದವರು ಯಾಕೆ ಹೇಳಲಿಲ್ಲ ಎಂದು ಲೆಕ್ಕ ಹಾಕಿದರು. ಕೊನೆಗೆ ಪ್ರಭಾವತಿಯವರ ಅಣ್ಣನ ನೆನಪಾಯಿತು. ಈ ಭಾವ ದೆಹಲಿಯಲ್ಲಿ ಕೇಂದ್ರ ಸರಕಾರದ ಯಾವುದೋ ಕಚೇರಿಯಲ್ಲಿದ್ದರು. ಯಾವ ಕಚೇರಿ ಎಂದು ಮನೆಯಲ್ಲಿ ಯಾರಿಗೂ ತಿಳಿಯದಿದ್ದರೂ ದೇಶ ಅವರ ಮೇಲೆಯೇ ನಿಂತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಳ್ತಂಗಡಿಗೆ ಹೋದಾಗ ಅಲ್ಲಿಂದ ಶಾಂತಿಪ್ರಸಾದರು ಭಾವನಿಗೆ ವಾಟ್ಸಾಪಿನಲ್ಲಿ ಬರೆದರು. ಮನೆಯಲ್ಲಿ ತುಳು ಆಡಿದರೂ ದೊಡ್ಡ ವಿಷಯಕ್ಕೆ ಗ್ರಂಥದ ಕನ್ನಡವೇ ಬೇಕು. "ನಮ್ಮ ಸುಪ್ರೀತಾಳ ಸಂಬಂಧದಲ್ಲಿ ಯಾರದೋ ಹಸ್ತಕ್ಷೇಪ ನಡೆದಿರುತ್ತದೆ. ತಾವು ಮೇಲಿನಿಂದ ಏನಾದರೂ ಕ್ರಮ ಕೈಗೊಳ್ಳಬೇಕು." ಭಾವ ಉತ್ತರವಾಗಿ ಒಂದು ಹೆಬ್ಬೆರಳು ಕಳಿಸಿದರು.

ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ, ಅಂಗಡಿಯ ಮುಂದೆ ಒಂದು ಬಿಳಿ ವ್ಯಾನು ಬಂದು ನಿಂತಿತು. ಅದರ ತಲೆಯ ಮೇಲೆ ಏನೋ ನಿಧಾನವಾಗಿ ತಿರುಗುತ್ತಿತ್ತು, ಹೊಟ್ಟೆಯ ಮೇಲೆ "ಭಾರತ ಸರಕಾರ" ಎಂದು ಬರೆದಿತ್ತು. ಇಳಿದವಳು ಮಂಗಳೂರಿನ ಕಚೇರಿಯ ದೀಕ್ಷಿತಾ ಎಂಬ ಅಧಿಕಾರಿ. ಆಕಾಶದಲ್ಲಿ ಹರಿದಾಡುವ ರೇಡಿಯೋ ಅಲೆಗಳನ್ನು ಕಾಯುವುದು, ಫೋನು, ವಿಮಾನ, ಉಪಗ್ರಹ ಇವುಗಳ ಮಾತಿಗೆ ಯಾರಾದರೂ ಅಡ್ಡ ಬಂದರೆ ಹಿಡಿಯುವುದು ಅವಳ ಇಲಾಖೆಯ ಕೆಲಸ. ಹುಡುಗಿ ಬೆಂಗಳೂರಿನವಳು, ಮಾತಿಗೆ ನಾಲ್ಕು ಇಂಗ್ಲಿಷ್ ಪದ ಸೇರಿಸಿಯೇ ಬೆಳೆದವಳು. ಆದರೆ ಹಿಂದಿನ ವಾರವಷ್ಟೇ ಬಂಟ್ವಾಳದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಅವಳನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಜನರ ಹತ್ತಿರ ಜನರ ಭಾಷೆಯಲ್ಲಿ ಮಾತಾಡಬೇಕು ಎಂದು ಗದರಿಸಿದ್ದರು. ಆದ್ದರಿಂದ ಆ ದಿನ ಅವಳು ಒಂದೂ ಇಂಗ್ಲಿಷ್ ಪದ ಆಡುವುದಿಲ್ಲವೆಂದು ನಿಶ್ಚಯಿಸಿ, ಬೇಕಾದ ಪದಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮುಂದಿನ ಅನರ್ಥಕ್ಕೆಲ್ಲ ಆ ಮೇಷ್ಟ್ರೇ ಹೊಣೆ ಎಂದು ನನ್ನ ಅಭಿಪ್ರಾಯ.

"ನಮಸ್ಕಾರ. ಈ ಊರಿನ ಒಂದು ಮನೆಯಿಂದ ಹಸ್ತಕ್ಷೇಪ ಆಗ್ತಾ ಇದೆ ಅಂತ ದೂರು ಬಂದಿದೆ," ಎಂದಳು ದೀಕ್ಷಿತಾ. "ಅದರ ಮೂಲ ಪತ್ತೆ ಹಚ್ಚೋಕೆ ಬಂದಿದ್ದೀವಿ."

ಶಾಂತಿಪ್ರಸಾದರು ಎದ್ದು ನಿಂತರು. "ದೆಹಲಿಯಿಂದ ಹೇಳಿದ್ದಾರಾ ಮೇಡಂ?"

"ಹೌದು, ಆದೇಶ ಅಲ್ಲಿಂದಾನೇ ಬರೋದು."

"ನಮ್ಮ ಭಾವ," ಎಂದು ಶಾಂತಿಪ್ರಸಾದರು ಪಕ್ಕದಲ್ಲಿದ್ದ ಕೊಪ್ಪರಿಗೆಗೆ ಹೇಳಿದರು, ಬೇರೆ ಯಾರೂ ಅಲ್ಲಿರಲಿಲ್ಲ.

"ಕೆಲವು ವಾರದಿಂದ ಹೀಗಾಗಿದೆ," ಎಂದು ದೀಕ್ಷಿತಾ ಮುಂದುವರಿಸಿದಳು. "ಸಂಬಂಧ ಏರ್ಪಡೋಕೇ ಬಿಡ್ತಿಲ್ಲ. ಆ ಕಡೆಯವರು ಎಷ್ಟು ಪ್ರಯತ್ನ ಪಟ್ಟರೂ ನಡುವೆ ಬಂದು ಕಡಿದುಹಾಕುತ್ತೆ."

"ಇದನ್ನೇ ನಾನು ಹೆಂಡತಿಗೆ ಹೇಳ್ತಾ ಇರುವುದು ಮೇಡಂ. ಇದೇ ಮಾತು. ಯಾರು ಅಂತ ನಿಮ್ಮ ಯಂತ್ರದಲ್ಲಿ ಗೊತ್ತಾಗ್ತದಾ?"

"ಯಾವ ಮನೆ ಅಂತ ನಿಖರವಾಗಿ ಗೊತ್ತಾಗುತ್ತೆ. ಯಾರೂ ತಪ್ಪಿಸ್ಕೊಳ್ಳೋಕಾಗಲ್ಲ."

ಶಾಂತಿಪ್ರಸಾದರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ರಸ್ತೆಗೆ ಇಳಿದರು. ನಮ್ಮ ದೇಶ ಎಷ್ಟು ಮುಂದುವರಿದಿದೆ ಎಂದು ಯೋಚಿಸಿ ಅವರ ಕಣ್ಣು ತೇವವಾಯಿತು. ಚಂದ್ರನಿಗೆ ಯಂತ್ರ ಕಳಿಸಿದರು ಎಂದಾಗ ಅವರಿಗೆ ಇಷ್ಟು ಸಂತೋಷವಾಗಿರಲಿಲ್ಲ. "ಕಲ್ಲು ಹಾಕಿದವರನ್ನು ಹಿಡಿಯುವ ಮಿಷಿನ್ ಬಂದಿದೆ," ಎಂದು ಎದುರಿನ ಹೋಟೆಲಿನವರಿಗೆ ಹೇಳಿ ವ್ಯಾನಿನ ಮುಂದೆ ದಾರಿ ತೋರಿಸುತ್ತ ನಡೆದರು. ಫೋನು ಇಲ್ಲದ ಕಾರಣ ಸುದ್ದಿ ಎಂದಿಗಿಂತ ಬೇಗ ಹಬ್ಬಿತು.

ಕಲ್ಲು ಹಾಕಿದವರನ್ನು ಹಿಡಿಯುತ್ತಾರೆ ಎಂದರೆ ಹೆದರದವರು ಯಾವ ಊರಲ್ಲಿದ್ದಾರೆ? ಕಲ್ಲು ಹಾಕದಿದ್ದರೂ ಒಂದೊಂದು ಹರಳನ್ನಾದರೂ ಎಲ್ಲರೂ ಹಾಕಿದವರೇ. ವ್ಯಾನು ಬರುವ ದಾರಿಯಲ್ಲಿ ಬಾಗಿಲುಗಳು ಮುಚ್ಚಿಕೊಂಡವು. ಒಬ್ಬಿಬ್ಬರು ತುರ್ತು ಕೆಲಸ ನೆನಪಾಗಿ ಬಸ್ಸು ಹತ್ತಿದರು. ತಿರುಗುವ ಯಂತ್ರದ ಮುಖ ಸುಮ್ಮನೆ ಹುಕ್ರಪ್ಪನವರ ಮನೆಯ ಕಡೆಗೆ ಒಮ್ಮೆ ಹೊರಳಿದ್ದೇ ತಡ, ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೈಮುಗಿದು ಅಂಗಳಕ್ಕೆ ಬಂದರು.

"ಮೇಡಂ, ನಾನೇ ಹೇಳ್ತೇನೆ, ಯಂತ್ರ ಬೇಡ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನೇಮಿರಾಜರ ತಮ್ಮ ಸಿಕ್ಕಿದ್ರು. ಹುಡುಗಿ ಹೇಗೆ ಅಂತ ಕೇಳಿದ್ರು. ಹುಡುಗಿ ಅಪ್ಪಟ ಚಿನ್ನ ಅಂದೆ. ಅಪ್ಪನಿಗೆ ಮಾತ್ರ ಸ್ವಲ್ಪ ಮಾತು ಜಾಸ್ತಿ ಅಂದೆ. ಅಷ್ಟೇ."

"ನನಗೆ ಮಾತು ಜಾಸ್ತಿಯಾ?" ಎಂದು ಶುರುಮಾಡಿದ ಶಾಂತಿಪ್ರಸಾದರು ತಾನು ಎಂಥ ಮಿತಭಾಷಿ ಎಂಬುದನ್ನು ಉದಾಹರಣೆ ಸಹಿತ ವಿವರಿಸಿ ಮುಗಿಸುವಷ್ಟರಲ್ಲಿ ವ್ಯಾನಿನ ಚಾಲಕ ಒಂದು ಚಹಾ ಕುಡಿದು ಬಂದಿದ್ದ. ದೀಕ್ಷಿತಾಳಿಗೆ ಇದ್ಯಾವುದೂ ಅರ್ಥವಾಗಲಿಲ್ಲ. ಹಳ್ಳಿಯ ಜನ ಅಧಿಕಾರಿಗಳ ಹತ್ತಿರ ಸುಖದುಃಖ ಹೇಳಿಕೊಳ್ಳುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು, ಇದು ಅದೇ ಇರಬೇಕು ಎಂದುಕೊಂಡು ಅವಳು ಯಂತ್ರದ ಪರದೆ ನೋಡಿದಳು.

"ಇವರಲ್ಲ," ಎಂದಳು. "ಇಲ್ಲಿ ಹಸ್ತಕ್ಷೇಪ ತುಂಬಾ ದುರ್ಬಲ."

ಬಿಡುಗಡೆಯಾದ ಹುಕ್ರಪ್ಪ ಹಿಗ್ಗಬೇಕಿತ್ತು. ಆದರೆ ಅವರ ಮುಖ ಇಳಿಯಿತು. "ದುರ್ಬಲವಾ? ಮೇಡಂ, ಮೂರು ಸಲ ಗೆದ್ದ ಸದಸ್ಯ ನಾನು. ಪಕ್ಕದ ಊರು ಬಜಿರೆಯ ಆ ಹುಡುಗನ ಮದುವೆ ನಿಂತದ್ದು ಯಾರ ಮಾತಿನಿಂದ ಅಂತ ಊರಲ್ಲಿ ಕೇಳಿ ನೋಡಿ," ಎಂದರು. ಜನರ ಗುಂಪಿನಲ್ಲಿ ಬಜಿರೆಯವರೂ ಒಬ್ಬರಿದ್ದದ್ದು ಅವರಿಗೆ ಆಮೇಲೆ ಗಮನಕ್ಕೆ ಬಂತು.

ವ್ಯಾನು ತಗ್ಗಿಗೆ ಇಳಿಯಿತು. ಹಿಂದೆ ಊರು ಇಳಿಯಿತು. ಮುಂದಿನ ಮನೆ ಮೈಮೂನಮ್ಮನದ್ದು. ಮುದುಕಿ ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಗದ್ದಲ ಕೇಳಿ ಪ್ರಭಾವತಿಯವರೂ ಬೇಲಿಯ ಹತ್ತಿರ ಬಂದು ನಿಂತರು. ದೀಕ್ಷಿತಾ ಪರದೆ ನೋಡಿದವಳೇ ಹುಬ್ಬೇರಿಸಿದಳು.

"ಇಲ್ಲಿ ಪ್ರಬಲವಾಗಿದೆ. ತುಂಬಾನೇ ಪ್ರಬಲ."

ಮೈಮೂನಮ್ಮನ ಕೈಯಿಂದ ಗೆರಸೆ ಜಾರಿತು. "ನನ್ನ ರಬ್ಬೇ, ಅಷ್ಟು ಪ್ರಬಲವಾಗಿ ನಾನು ಹೇಳ್ಲಿಲ್ಲ. ಪ್ರಭಕ್ಕ, ನೀವಾದ್ರೂ ನಂಬಿ. ಬಟ್ಟೆ ಅಂಗಡಿಯಲ್ಲಿ ಆ ಹುಡುಗನ ತಾಯಿ ಸಿಕ್ಕಿದ್ರು. ಸುಪ್ರೀತಾಳನ್ನು ನಾನು ಎತ್ತಿ ಆಡಿಸಿದ್ದು ಅಂದೆ. ಬಂಗಾರದಂಥ ಮನಸ್ಸು ಅಂದೆ. ಸಿಟ್ಟು ಒಂಚೂರು ಉಂಟು, ಆದ್ರೆ ಮೂಗಿನ ತುದಿಯಲ್ಲಿ ಮಾತ್ರ ಅಂದೆ. ಅದು ಹೊಗಳಿದ್ದು."

"ಮೂಗಿನ ತುದಿ ಯಾಕೆ ತೋರಿಸ್ಲಿಕ್ಕೆ ಹೋದ್ರಿ ಮೈಮೂನಮ್ಮ," ಎಂದು ಪ್ರಭಾವತಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಷ್ಟೋ ವರ್ಷ ಬೇಲಿಯ ಮೇಲಿಂದ ಹಲಸಿನ ಹಪ್ಪಳ, ಅಕ್ಕಿರೊಟ್ಟಿಯಂಥ ಪತ್ತಿರಿ ದಾಟಿಸಿಕೊಂಡ ಸ್ನೇಹ. ಇಬ್ಬರೂ ಅಳತೊಡಗಿದರು.

ಅಷ್ಟರಲ್ಲಿ ಪೇಟೆಯಿಂದ ನವಾಝ್ ಓಡಿ ಬಂದ. ವ್ಯಾನಿನ ತಲೆ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಗಿತ್ತು. ಶಾಂತಿಪ್ರಸಾದರನ್ನು ಪಕ್ಕಕ್ಕೆ ಎಳೆದು, "ಶಾಂತಣ್ಣ, ಬೇಗ ಮನೆಗೆ ಹೋಗಿ ಅದನ್ನು ಆಫ್ ಮಾಡಿ. ಇವರು ಬಂದದ್ದು ಅದಕ್ಕೇ," ಎಂದು ಪಿಸುಗುಟ್ಟಿದ.

"ಓಹೋ," ಎಂದರು ಶಾಂತಿಪ್ರಸಾದರು, ಊರಿಗೆಲ್ಲ ಕೇಳುವಂತೆ. "ತಾಯಿಯನ್ನು ಉಳಿಸ್ಲಿಕ್ಕೆ ಮಗ ಬಂದ. ಸತ್ಯ ಹೊರಗೆ ಬರುವಾಗ ಆಫ್ ಮಾಡುವುದಾ? ನಾನು ಆಫ್ ಮಾಡುವವನಲ್ಲ ನವಾಝ್."

ನವಾಝ್ ಹಣೆಗೆ ಕೈಹೊತ್ತು ಬಾಳೆಯ ಮರೆಗೆ ಸರಿದು ನಿಂತ.

ದೀಕ್ಷಿತಾ ವ್ಯಾನಿನಿಂದ ಕೈಯಲ್ಲಿ ಹಿಡಿಯುವ ಇನ್ನೊಂದು ಆಂಟೆನಾ ತೆಗೆದಳು. ಉದ್ದದ ಒಂದು ಕೋಲು, ಅದಕ್ಕೆ ಅಡ್ಡಡ್ಡ ಕಡ್ಡಿಗಳು. "ಬಂಗುಡೆ ಮೀನಿನ ಮುಳ್ಳಿನ ಹಾಗೇ ಉಂಟಲ್ಲ," ಎಂದು ಮೈಮೂನಮ್ಮ ಅಳುವಿನ ನಡುವೆಯೂ ಹೇಳಿದಳು. ಮೀನು ಮುಟ್ಟದ ಜೈನರ ಮನೆಯ ಪ್ರಭಾವತಿಯವರು ಅದನ್ನು ಕೇಳಿ ಎರಡು ಹೆಜ್ಜೆ ಹಿಂದೆ ಸರಿದರು. ದೀಕ್ಷಿತಾ ಆ ಮುಳ್ಳನ್ನು ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಮುಳ್ಳು ಯಾರ ಕಡೆ ಬಂದಿತೋ ಅವರು ಬಾಗಿದರು. ಹೊಳೆಯ ಕಡೆ ತೋರಿಸಿತು, ಮುಂದೆ ಹೋಯಿತು. ಮೈಮೂನಮ್ಮನ ಮನೆ ತೋರಿಸಿತು, ಮುಂದೆ ಹೋಯಿತು. ಶಾಂತಿಪ್ರಸಾದರ ಮನೆಯ ಕಡೆ ತಿರುಗಿದ್ದೇ ಯಂತ್ರ ಕೀಂಯ್ ಎಂದು ಕಿರುಚಿ ಅಲ್ಲೇ ನಿಂತಿತು.

"ಮೂಲ ಸಿಕ್ತು," ಎಂದಳು ದೀಕ್ಷಿತಾ. "ಆ ಮನೆ ಯಾರದ್ದು?"

ಊರೆಲ್ಲ ಶಾಂತಿಪ್ರಸಾದರ ಮುಖ ನೋಡಿತು.

ದೀಕ್ಷಿತಾ ಅಂಗಳ ದಾಟಿ ಬಾಗಿಲಿಗೆ ಬಂದು ಪ್ರಭಾವತಿಯವರಿಗೆ ಗಂಭೀರವಾಗಿ ಹೇಳಿದಳು, "ಅಮ್ಮ, ನಿಮ್ಮ ಮನೆಯಿಂದ ವಿಪರೀತ ಗದ್ದಲ ಹೊರಗೆ ಹೋಗ್ತಾ ಇದೆ. ಊರಿನವರ ಮಾತೇ ಕೇಳಿಸದಷ್ಟು."

"ಮದುವೆಯಾದ ದಿನದಿಂದ ನಾನು ಇದನ್ನೇ ಹೇಳ್ತಾ ಇದ್ದೇನೆ ಮೇಡಂ," ಎಂದರು ಪ್ರಭಾವತಿಯವರು ಗಂಡನ ಕಡೆ ನೋಡಿ. "ಸರಕಾರಕ್ಕೆ ಇವತ್ತು ಗೊತ್ತಾಯಿತು."

ಶಾಂತಿಪ್ರಸಾದರ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಓಡುತ್ತಿತ್ತು. ಹಸ್ತಕ್ಷೇಪ ತನ್ನ ಮನೆಯದ್ದೇ. ತಾನು ಮಾಡಿಲ್ಲ. ಹೆಂಡತಿ ಮಾಡುವವಳಲ್ಲ. ಉಳಿದವಳು ಒಬ್ಬಳೇ. ದಸರಾ ರಜೆಯೆಂದು ಮನೆಯಲ್ಲಿದ್ದ ಸುಪ್ರೀತಾ ಗಲಾಟೆ ಕೇಳಿ ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಹೊರಗೆ ಬಂದಿದ್ದಳು. ಅವರು ಅವಳ ಹತ್ತಿರ ಹೋಗಿ ಎಂದೂ ಇಲ್ಲದ ಸಣ್ಣ ಸ್ವರದಲ್ಲಿ ಕೇಳಿದರು.

"ನೀನಾ ಮಗ? ನಿನಗೆ ಇಷ್ಟ ಇಲ್ಲದಿದ್ರೆ ನನ್ನ ಹತ್ತಿರ ಹೇಳ್ಬಹುದಿತ್ತಲ್ಲ. ನಾನು ಒತ್ತಾಯ ಮಾಡ್ತಿದ್ದೆನಾ?"

ಸುಪ್ರೀತಾ ಅಪ್ಪನನ್ನು ನೋಡಿದಳು, ಊರನ್ನು ನೋಡಿದಳು. ಅವಳ ಮುಖ ಕೆಂಪಾಯಿತು. "ನನಗೆ ಇಷ್ಟ ಉಂಟಪ್ಪ," ಎಂದಳು. "ಮೊದಲ ದಿವಸದಿಂದಲೇ ಇಷ್ಟ. ನೀವು ಯಾರೂ ಕೇಳ್ಲಿಲ್ಲ."

ಇಷ್ಟು ದಿನ ಶಾಂತಿಪ್ರಸಾದರು ಕಡ್ಡಿ ಎಣಿಸಿದ್ದರು, ಊರವರ ಮುಖ ಓದಿದ್ದರು, ದೆಹಲಿಗೆ ಬರೆದಿದ್ದರು, ಮಗಳನ್ನು ಮಾತ್ರ ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ದೀಕ್ಷಿತಾ ಟೆರೇಸ್ ಹತ್ತಿ ಇಳಿದು ಬಂದಿದ್ದಳು. ಕೈಯಲ್ಲಿ ಪೆಟ್ಟಿಗೆ ಇತ್ತು, ತಂತಿ ಜೋಲುತ್ತಿತ್ತು. ಬಿಸಿಲಿನಲ್ಲಿ ಅವಳ ಅಪ್ಪಟ ಕನ್ನಡವೂ ಸಹನೆಯೂ ಒಟ್ಟಿಗೇ ಮುಗಿದುಹೋಗಿದ್ದವು.

"ನೋಡಿ ಸರ್, ಇದು ಇಲ್ಲೀಗಲ್ ಬೂಸ್ಟರ್. ಲೈಸೆನ್ಸ್ ಇಲ್ಲದೆ ಇಡೋ ಹಾಗಿಲ್ಲ. ಇದರಿಂದ ಇಡೀ ಟವರ್‌ಗೆ ಇಂಟರ್‌ಫಿಯರೆನ್ಸ್ ಆಗ್ತಿದೆ. ನಿಮ್ಮ ಫೋನಲ್ಲಿ ಸಿಗ್ನಲ್ ಫುಲ್ ತೋರಿಸುತ್ತೆ, ಆದ್ರೆ ಟವರ್‌ಗೆ ಯಾರ ಕಾಲೂ ಕೇಳಿಸಲ್ಲ. ಊರಲ್ಲಿ ಯಾರಿಗೂ ಕಾಲ್ ಕನೆಕ್ಟ್ ಆಗದೆ ಇದ್ದದ್ದು ಇದರಿಂದಾನೇ."

ಅಂಗಳದಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು.

"ಇದನ್ನು ಮೊದಲೇ ಕನ್ನಡದಲ್ಲಿ ಹೇಳ್ಬಾರ್ದಿತ್ತಾ ಮೇಡಂ?" ಎಂದರು ಹುಕ್ರಪ್ಪ. "ಸುಮ್ಮನೆ ನಮ್ಮ ಬಾಯಿಂದ ಎಲ್ಲ ಹೊರಗೆ ತೆಗೆಸಿದ್ರಿ."

ದೀಕ್ಷಿತಾ ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿಸಿದಳು. ನೋಟಿಸು ಬರುತ್ತದೆ, ಉತ್ತರ ಕೊಡಬೇಕಾಗುತ್ತದೆ ಎಂದು ಶಾಂತಿಪ್ರಸಾದರಿಗೂ, ಬಾಳೆಯ ಮರೆಯಲ್ಲಿದ್ದ ನವಾಝನಿಗೂ ಸಮಾನವಾಗಿ ಹೇಳಿದಳು. ಅವಳು ಮಾತು ಮುಗಿಸುವ ಮೊದಲೇ ಯಾರದೋ ಜೇಬಿನಲ್ಲಿ ಒಂದು ಫೋನು ಕಿಣಿಗುಟ್ಟಿತು. ಮತ್ತೊಂದು ಸದ್ದು ಮಾಡಿತು. ಕ್ಷಣದಲ್ಲಿ ಇಡೀ ಅಂಗಳ ಕೂಗತೊಡಗಿತು. ಇಷ್ಟು ದಿನ ಬಾರದ ಕರೆಗಳ ಪಟ್ಟಿಯೆಲ್ಲ ಸಂದೇಶವಾಗಿ ಬಂದು ಬೀಳುತ್ತಿತ್ತು. ಮೈಮೂನಮ್ಮನ ಮಗಳು ಸೌದಿಯ ದಮ್ಮಾಮಿನಿಂದ ಮಾಡಿದ್ದಳು, ಹುಕ್ರಪ್ಪನವರಿಗೆ ಪಂಚಾಯತ್ ಕಾರ್ಯದರ್ಶಿ ಮಾಡಿದ್ದರು. ಶಾಂತಿಪ್ರಸಾದರು ತಮ್ಮ ಫೋನು ಸವರಿದರು. ಪಾತ್ರೆ ಕೇಳಿದವರು, ಕುರ್ಚಿ ಕೇಳಿದವರು, ಸಾಲ ಬೇಕಾ ಎಂದವರು, ದೆಹಲಿಯ ಭಾವ. ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು.

ಮೂಡುಬಿದಿರೆಯಿಂದ ಒಂದೂ ಇರಲಿಲ್ಲ.

ಊರಿಗೆ ಅದು ಅವರ ಮುಖದಿಂದಲೇ ತಿಳಿಯಿತು. ಫೋನುಗಳನ್ನು ಒಬ್ಬೊಬ್ಬರೇ ಜೇಬಿಗೆ ಹಾಕಿಕೊಂಡರು. ಸುಪ್ರೀತಾ ಒಳಗೆ ಹೋದಳು. ಈಗ ದೂರಲು ಬೂಸ್ಟರೂ ಉಳಿದಿರಲಿಲ್ಲ, ನೆರೆಯವರೂ ಉಳಿದಿರಲಿಲ್ಲ.

ಶಾಂತಿಪ್ರಸಾದರು ವ್ಯಾನಿನ ಹತ್ತಿರ ಹೋದರು. "ಮೇಡಂ, ನೀವು ಮಂಗಳೂರಿಗೆ ಹೋಗುವುದು ಮೂಡುಬಿದಿರೆಯ ಮೇಲೆಯೇ ಅಲ್ವ? ನನ್ನನ್ನು ಅಲ್ಲಿ ಬಿಡ್ತೀರಾ?"

"ಅವರೇ ಫೋನ್ ಮಾಡ್ಲಿ ಅಂದಿದ್ರಿ?" ಎಂದರು ಪ್ರಭಾವತಿಯವರು.

"ಗತ್ತು ನನ್ನದು ಮಾರಾಯ್ತಿ, ಹಾಡಿದ್ದು ಅವಳು," ಎಂದು ಶಾಂತಿಪ್ರಸಾದರು ವ್ಯಾನು ಹತ್ತಿದರು. ಊರಿನ ಪರವಾಗಿ ಒಬ್ಬರು ಇರಬೇಕೆಂದು ಹುಕ್ರಪ್ಪನವರೂ ಹತ್ತಿದರು. ಮಾಡಿದ್ದನ್ನು ಸರಿಪಡಿಸುವ ಆಸೆ ಅವರಿಗೆ ನಿಜವಾಗಿಯೂ ಇತ್ತು.

ಮೂಡುಬಿದಿರೆಯಲ್ಲಿ ನೇಮಿರಾಜರು ಜಗಲಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. "ಭಾರತ ಸರಕಾರ" ಎಂದು ಬರೆದ ವ್ಯಾನು ಗೇಟಿಗೆ ಬಂದು ನಿಂತಿತು. ಅದರ ತಲೆಯ ಮೇಲಿನ ಯಂತ್ರ ತಿರುಗಿ ತಿರುಗಿ ಅವರನ್ನೇ ನೋಡಿತು. ಒಳಗಿನಿಂದ ಹೆಣ್ಣಿನ ತಂದೆ ಇಳಿದರು, ಪಂಚಾಯತ್ ಸದಸ್ಯರು ಇಳಿದರು, ಕೊನೆಗೆ ಕತ್ತಿನಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬಳು ಅಧಿಕಾರಿಯೂ ಇಳಿದಳು. ನೇಮಿರಾಜರ ಕೈಯಲ್ಲಿ ಪೇಪರ್ ಮಡಚಿಕೊಂಡಿತು.

ದೀಕ್ಷಿತಾ ಬರುವ ದಾರಿಯಲ್ಲಿ ಕಥೆಯನ್ನೆಲ್ಲ ಕೇಳಿ ನಕ್ಕು ಸುಸ್ತಾಗಿದ್ದಳು. ಬಂದ ಮೇಲೆ ಇಲ್ಲಿಯೂ ಒಮ್ಮೆ ನೋಡಿಬಿಡುವ ಎಂದು ಮೀನಿನ ಮುಳ್ಳನ್ನು ಕೈಗೆತ್ತಿಕೊಂಡಳು.

"ಇವರು ದೆಹಲಿಯ ಕಡೆಯವರು," ಎಂದು ಹುಕ್ರಪ್ಪ ಪರಿಚಯ ಮಾಡಿಸಿದರು. "ನಮ್ಮ ಊರಿಗೆ ಬಂದಿದ್ರು. ಸಂಬಂಧಕ್ಕೆ ಅಡ್ಡ ಬಂದವರನ್ನು ಹಿಡಿಯುವ ವಿಷಯದಲ್ಲಿ."

ಶಾಂತಿಪ್ರಸಾದರಿಗೆ ಅದ್ಯಾವುದೂ ಕೇಳಿಸಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ದೊಡ್ಡ ಭಾಷಣ ಅವರಿಗೆ ಪೂರ್ತಿ ಮರೆತುಹೋಯಿತು. "ನೇಮಿರಾಜರೇ," ಎಂದರು, "ನನಗೆ ಕಾಯ್ಲಿಕ್ಕೆ ಆಗ್ಲಿಲ್ಲ, ಬಂದೆ. ನನ್ನ ಮಗಳಿಗೆ ನಿಮ್ಮ ಹುಡುಗ ಇಷ್ಟ. ನಾವೇ ಮೊದಲು ಹೇಳ್ತಾ ಇದ್ದೇವೆ, ಅದರಲ್ಲಿ ನಮಗೆ ನಾಚಿಕೆ ಇಲ್ಲ. ನಿಮಗೆ ಬೇಡದಿದ್ರೆ ಬೇಡ ಅಂತ ಹೇಳಿ. ಮುಖ ನೋಡಿ ಹೇಳಿದ್ರೆ ಸಾಕು."

ಹುಕ್ರಪ್ಪನವರು ಇಪ್ಪತ್ತು ವರ್ಷದ ಪರಿಚಯದಲ್ಲಿ ಶಾಂತಿಪ್ರಸಾದರಿಂದ ಇಷ್ಟು ಚಿಕ್ಕ ಮಾತು ಕೇಳಿದ್ದು ಅದೇ ಮೊದಲು.

ನೇಮಿರಾಜರ ಕಣ್ಣು ಮಾತ್ರ ತಮ್ಮ ಎದೆಗೆ ನೇರವಾಗಿ ಹಿಡಿದಿದ್ದ ಆ ಮುಳ್ಳಿನ ಮೇಲೆಯೇ ಇತ್ತು. "ಮೇಡಂ, ಅದನ್ನು ಸ್ವಲ್ಪ ಕೆಳಗೆ ಮಾಡಿ, ನಾನೇ ಹೇಳ್ತೇನೆ," ಎಂದರು. "ಹುಡುಗ ಅವತ್ತೇ ಒಪ್ಪಿದ್ದಾನೆ. ಕಾರು ಹತ್ತುವ ಮೊದಲೇ ಒಪ್ಪಿದ್ದಾನೆ. ಗಂಡಿನ ಕಡೆಯವರು ಕೂಡಲೇ ಹೇಳಿದ್ರೆ ಹಗುರ ಆಗ್ತದೆ, ಸ್ವಲ್ಪ ದಿವಸ ಕಾಯ್ಲಿ, ಒಂದು ಗತ್ತು ಇರ್ಲಿ ಅಂತ ತಡೆ ಹಿಡಿದದ್ದು ನಾನೇ. ದಿನಾ ಮಗನ ಹತ್ತಿರ ಬೈಸಿಕೊಳ್ತಾ ಇದ್ದೇನೆ. ಇದಕ್ಕೆ ಕೇಸ್ ಆಗ್ತದೆ ಅಂತ ನನಗೆ ಗೊತ್ತಿರ್ಲಿಲ್ಲ."

ಒಳಗಿನಿಂದ ಜಯೇಶ್ ಬಾಗಿಲಿಗೆ ಬಂದ. ಅಪ್ಪನ ಮೇಲಿನ ಸಿಟ್ಟೂ ಸಂತೋಷವೂ ಅವನ ಮುಖದಲ್ಲಿ ಒಟ್ಟಿಗೇ ಇದ್ದವು.

ದೀಕ್ಷಿತಾ ಪರದೆ ನೋಡಿ ಆಂಟೆನಾ ಇಳಿಸಿದಳು. "ಈ ಮನೆಯಲ್ಲಿ ಏನೂ ಇಲ್ಲ. ಪೂರ್ತಿ ಸ್ವಚ್ಛ," ಎಂದಳು.

"ಸರಕಾರವೇ ನೋಡಿ ಹೇಳಿದ ಮೇಲೆ ಈ ಮನೆತನದ ಬಗ್ಗೆ ನಾವಿನ್ನು ವಿಚಾರಿಸುವುದು ಎಂತ ಉಂಟು," ಎಂದರು ಶಾಂತಿಪ್ರಸಾದರು. ಹೇಳುತ್ತ ಹೇಳುತ್ತ ಅವರಿಗೆ ಅಳು ಬಂತು. ಅಲ್ಲಿಯೇ ಜಗಲಿಯಲ್ಲಿ ಕುಳಿತು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ನೇಮಿರಾಜರ ಹೆಂಡತಿ ಎಲ್ಲರಿಗೂ ಕಾಫಿ ತಂದರು, ವ್ಯಾನಿನ ಚಾಲಕನಿಗೂ ಕೊಟ್ಟರು.

ನೇಮಿರಾಜರು ಇನ್ನೂ ಪೂರ್ತಿ ಧೈರ್ಯ ತಂದುಕೊಂಡಿರಲಿಲ್ಲ. ಅಧಿಕಾರಿಯ ಎದುರಿನಲ್ಲೇ ಎಲ್ಲ ಸರಿಪಡಿಸಿಬಿಡುವುದು ಒಳ್ಳೆಯದು ಎಂದು ಅವರಿಗೆ ತೋರಿತು. ಶಾಂತಿಪ್ರಸಾದರಿಂದ ಪ್ರಭಾವತಿಯವರ ನಂಬರು ಕೇಳಿಕೊಂಡು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ವೇಣೂರಿಗೆ ಫೋನ್ ಮಾಡಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಫೋನು ಹಿಡಿದು ನಿಂತಿದ್ದ ಪ್ರಭಾವತಿಯವರು ಒಂದೇ ರಿಂಗಿಗೆ ಎತ್ತಿದರು.

"ಹಲೋ, ನಾನು ಮೂಡುಬಿದಿರೆಯಿಂದ ನೇಮಿರಾಜ."

ಆ ಕಡೆಯಿಂದ ಪ್ರಭಾವತಿಯವರ ಸ್ವರ ಬಹಳ ನಿಧಾನವಾಗಿ, ಬಹಳ ಗಂಭೀರವಾಗಿ ಬಂತು. "ಯಾವ ನೇಮಿರಾಜರು?"

ಶಾಂತಿಪ್ರಸಾದರು ಕಾಫಿ ಲೋಟ ಕೆಳಗಿಟ್ಟರು.

"ನಿಮ್ಮ ಮಗಳನ್ನು ನೋಡ್ಲಿಕ್ಕೆ ಬಂದಿದ್ದೆವಲ್ಲ ಅಮ್ಮ, ನಾವು. ನಮಗೆ ಪೂರ್ತಿ ಒಪ್ಪಿಗೆ. ತಡವಾಯಿತು, ಕ್ಷಮಿಸ್ಬೇಕು."

"ಹೌದಾ. ಸಂತೋಷ," ಎಂದರು ಪ್ರಭಾವತಿಯವರು. "ಆದ್ರೆ ನಮ್ಮ ಯಜಮಾನರು ಮನೆಯಲ್ಲಿಲ್ಲ. ಸರಕಾರದ ಒಂದು ಕೆಲಸದ ಮೇಲೆ ಹೋಗಿದ್ದಾರೆ. ಅವರು ಬಂದ ಮೇಲೆ ಮಾತಾಡಿ, ನಾವೂ ಒಂದು ನಾಲ್ಕು ದಿವಸ ಯೋಚನೆ ಮಾಡಿ..."

"ಮಾರಾಯ್ತಿ, ನಾನು ಇಲ್ಲೇ..." ಎಂದು ಎದ್ದ ಶಾಂತಿಪ್ರಸಾದರ ಬಾಯಿಗೆ ಹುಕ್ರಪ್ಪ ಕೈ ಅಡ್ಡ ಹಿಡಿದರು. ಹೆಣ್ಣಿನ ಕಡೆಯ ಗತ್ತು ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ನಡುವೆ ಮಾತಾಡಬಾರದು ಎಂದು ಅವರಿಗೆ ಅನಿಸಿತ್ತು.

ಆಗ ಫೋನಿನ ಒಳಗಿನಿಂದ, ಪ್ರಭಾವತಿಯವರ ಹಿಂದಿನಿಂದ, ಸುಪ್ರೀತಾ ಹಲ್ಲು ಕಚ್ಚಿ ಪಿಸುಗುಟ್ಟಿದ್ದು ಕೇಳಿಸಿತು. "ಅಮ್ಮ, ಸಾಕು ಮಾರಾಯ್ತಿ. ಹೂಂ ಅನ್ನು."

ಜಗಲಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಜಯೇಶನಿಗಂತೂ ಪ್ರತಿ ಅಕ್ಷರ ಕೇಳಿಸಿತು, ಅವನ ಕಾಫಿ ಮತ್ತೆ ಅಂಗಿಯ ಮೇಲೆ ಬಿತ್ತು. ಲೈನು ಅಷ್ಟು ಸ್ಪಷ್ಟವಾಗಿತ್ತು.